ಎಂಜಿಬಿಯ ಕರೆಂಟ್ ಕಾಯಿಲೆಗೆ ಪವರ್ ಪ್ರೋಬ್ 3: ದೀಪಕ್ಕಿಂತ ಅಂಕಿಯನ್ನು ನಂಬಿ

ಹಳೇ ಸ್ಪೋರ್ಟ್ಸ್ ಕಾರಿನ ವೈರಿಂಗ್ ಕೈಕೊಟ್ಟರೆ ಮೊದಲು ಬಲಿಯಾಗುವುದು ಬ್ಯಾಟರಿ, ಆಮೇಲೆ ಆಲ್ಟರ್ನೇಟರ್, ಕೊನೆಗೆ ಸ್ಟಾರ್ಟರ್. ಮೂರನ್ನೂ ಬದಲಾಯಿಸಿದ ಮೇಲೂ ಗಾಡಿ ಹಾಗೇ ನಿಂತಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ರೋಗ ಇರುವುದು ಕಿಲುಬು ಹಿಡಿದ ಯಾವುದೋ ಬುಲೆಟ್ ಕನೆಕ್ಟರಿನಲ್ಲಿ (ವೈರುಗಳನ್ನು ಜೋಡಿಸುವ ಗುಂಡಿನಾಕಾರದ ಕೊಂಡಿ), ಇಲ್ಲವೇ ಪೇಂಟಿನ ಮೇಲೆಯೇ ಬಿಗಿದ ಅರ್ಥ್ ಬೋಲ್ಟಿನಲ್ಲಿ (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸಾಗುವ ಜಾಗ). ಅದನ್ನು ಹುಡುಕಿಕೊಡುತ್ತೇನೆ ಎನ್ನುವ ಸಲಕರಣೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಪವರ್ ಪ್ರೋಬ್. ಅದರ ಮೂರನೇ ಮಾದರಿಯನ್ನು ಇಲ್ಲಿ 1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಲೂಕಸ್ ಕಂಪನಿಯ ವೈರಿಂಗ್ ಎದುರು ನಿಲ್ಲಿಸಿ ತೂಗಿದ್ದೇವೆ. ಇದೇ ಕಾಲದ ಮಿಜೆಟ್, ಸ್ಪಿಟ್‌ಫೈರ್, ಟಿಆರ್6 ಕಾರು ಇಟ್ಟುಕೊಂಡವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ವೈರಿನ ಬಣ್ಣಗಳ ಭಾಷೆ ಎಲ್ಲದಕ್ಕೂ ಒಂದೇ.

ವಸ್ತು ಸರಳವಾದದ್ದು. ಎರಡು ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಬೇಕು, ಕೆಂಪು ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಅಲ್ಲಿಂದ ಸುಮಾರು 6 ಮೀಟರ್ ಉದ್ದದ ವೈರು ಕೈಯಲ್ಲಿ ಹಿಡಿಯುವ ಪ್ರೋಬಿಗೆ ಬರುತ್ತದೆ. ಮೊನೆ ಪಾಸಿಟಿವ್ ಮುಟ್ಟಿದರೆ ಕೆಂಪು ದೀಪ, ನೆಗೆಟಿವ್ ಮುಟ್ಟಿದರೆ ಹಸಿರು ದೀಪ, ಜೊತೆಗೆ ಒಂದೊಂದಕ್ಕೆ ಒಂದೊಂದು ಸದ್ದು, ಪರದೆಯ ಮೇಲೆ ವೋಲ್ಟೇಜಿನ ಅಂಕಿ. ಮೈಮೇಲೆ ಹಿಂದಕ್ಕೂ ಮುಂದಕ್ಕೂ ತೂಗುವ (ರಾಕರ್) ಸ್ವಿಚ್ಚೊಂದಿದೆ. ಮುಂದಕ್ಕೆ ಒತ್ತಿದರೆ ಮೊನೆಗೆ ಬ್ಯಾಟರಿಯ ಪಾಸಿಟಿವ್ ಹರಿಯುತ್ತದೆ, ಹಿಂದಕ್ಕೆ ಒತ್ತಿದರೆ ನೆಗೆಟಿವ್. ಒಳಗಿರುವ 8 ಆಂಪ್ ಬ್ರೇಕರ್ ಶಾರ್ಟ್ ಆದಾಗ ತಾನೇ ಕಡಿದು, ತಣಿದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಎಂಜಿಬಿಯ ಬ್ಯಾಟರಿ ಇರುವುದು ಸೀಟಿನ ಹಿಂದಿನ ಹಲಗೆಯ ಕೆಳಗೆ. 1974ರ ತನಕದ ಗಾಡಿಗಳಲ್ಲಿ 6 ವೋಲ್ಟಿನ ಎರಡು, ಆಮೇಲೆ 12 ವೋಲ್ಟಿನ ಒಂದು. ಕಾರಿನ ಉದ್ದ ಸುಮಾರು 4 ಮೀಟರ್ ಮಾತ್ರ ಇರುವುದರಿಂದ ಅಲ್ಲಿ ಕಚ್ಚಿಸಿದ ಕ್ಲಿಪ್ಪಿನಿಂದ ಮುಂದಿನ ಗ್ರಿಲ್ಲಿನವರೆಗೂ ಪ್ರೋಬು ಆರಾಮಾಗಿ ಮುಟ್ಟುತ್ತದೆ. ಎರಡು ಬ್ಯಾಟರಿಯ ಗಾಡಿಯಲ್ಲಿ ಒಂದು ಕ್ಲಿಪ್ಪು ಒಂದು ಬ್ಯಾಟರಿಗೆ, ಇನ್ನೊಂದು ಇನ್ನೊಂದಕ್ಕೆ ಬೀಳಬೇಕು. ಒಂದೇ ಬ್ಯಾಟರಿಯ ಎರಡೂ ತುದಿಗೆ ಕಚ್ಚಿಸಿದರೆ 6 ವೋಲ್ಟು ಮಾತ್ರ ಸಿಗುತ್ತದೆ, ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ಮೊದಲು ದೀಪದ ದೌರ್ಬಲ್ಯ ಹೇಳಿಬಿಡೋಣ. ಒಂದು ವೈರಿನೊಳಗೆ ಇಪ್ಪತ್ತೆಂಟು ಎಳೆಗಳಲ್ಲಿ ಇಪ್ಪತ್ತೇಳು ತುಂಡಾಗಿವೆ ಅಂದುಕೊಳ್ಳಿ. ಉಳಿದ ಒಂದೇ ಎಳೆಯ ಮೂಲಕವೂ ಪ್ರೋಬು 12 ವೋಲ್ಟ್ ತೋರಿಸುತ್ತದೆ, ಕೆಂಪು ದೀಪ ಉರಿಯುತ್ತದೆ. ಮಲ್ಟಿಮೀಟರೂ ಅದನ್ನೇ ಹೇಳುತ್ತದೆ. ಎರಡೂ ಹೀರುವ ಕರೆಂಟು ಅಷ್ಟು ಅತ್ಯಲ್ಪ. ಹೆಡ್‌ಲೈಟ್ ಹಾಕಿದಾಗಲೇ ಆ ಎಳೆಯ ಬಂಡವಾಳ ಬಯಲಾಗುವುದು. ಹಸಿರು ದೀಪದ್ದೂ ಇದೇ ಹಣೆಬರಹ. ಅರ್ಥ್ ದಾರಿಯಲ್ಲಿ ಒಂದೆರಡು ಓಮ್ ತಡೆ ಇದ್ದರೂ ಅದು ಸಂತೋಷದಿಂದ ಉರಿಯುತ್ತದೆ. 21 ವಾಟಿನ ಬ್ರೇಕ್ ಬಲ್ಬಿನ ತಡೆ ಉರಿಯುವಾಗ ಹತ್ತಿರಹತ್ತಿರ 7 ಓಮ್. ಅರ್ಥ್‌ನಲ್ಲಿ ಕೇವಲ 1 ಓಮ್ ಸೇರಿಕೊಂಡರೆ ಬಲ್ಬಿಗೆ ತಲುಪುವುದು ಹತ್ತೂವರೆ ವೋಲ್ಟ್. ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ ಸುಮಾರು ಮೂರರಲ್ಲೊಂದು ಪಾಲು ಬೆಳಕು ಅಲ್ಲಿಗೇ ಹೋಯಿತು. ಬಲ್ಬು ಆರಿಸಿ ಅದೇ ಅರ್ಥ್ ಮುಟ್ಟಿದರೆ ಪ್ರೋಬಿನ ಹಸಿರು ದೀಪ ಮಾತ್ರ 'ಎಲ್ಲ ಸರಿ' ಎನ್ನುತ್ತದೆ. ಈ ಸಲಕರಣೆಯನ್ನು ಕೊಂಡು ಬೇಸರಪಟ್ಟವರಲ್ಲಿ ಹೆಚ್ಚಿನವರು ದೀಪ ನೋಡಿ ತೀರ್ಪು ಕೊಟ್ಟವರೇ.

ಹಾಗಾದರೆ ಇದರ ಬೆಲೆ ಎಲ್ಲಿದೆ? ಪರದೆಯ ಅಂಕಿಯಲ್ಲಿ. ಅದೂ ಲೋಡ್, ಅಂದರೆ ಕರೆಂಟು ಹೀರುವ ದೀಪವೋ ಮೋಟಾರೋ, ಚಾಲೂ ಇರುವಾಗ ಓದಿದ ಅಂಕಿಯಲ್ಲಿ. ಕಪ್ಪು ಕ್ಲಿಪ್ಪು ಸೀದಾ ಬ್ಯಾಟರಿಯಲ್ಲೇ ಕೂತಿರುವುದರಿಂದ, ದೀಪ ಉರಿಯುತ್ತಿರುವಾಗ ಅದರ ಅರ್ಥ್ ತುದಿಗೆ ಮೊನೆ ಮುಟ್ಟಿಸಿದರೆ ಹೋಲ್ಡರಿನಿಂದ ಬ್ಯಾಟರಿಯವರೆಗಿನ ಇಡೀ ವಾಪಸ್ ದಾರಿಯ ನಷ್ಟ ಒಂದೇ ಅಂಕಿಯಲ್ಲಿ ಸಿಕ್ಕಿಬಿಡುತ್ತದೆ. 0.1 ಅಥವಾ 0.2 ವೋಲ್ಟ್ ಇದ್ದರೆ ಅರ್ಥ್ ಚೆನ್ನಾಗಿದೆ. 0.5 ದಾಟಿದರೆ ಬಿಚ್ಚಿ ಉಜ್ಜಬೇಕು. 1 ವೋಲ್ಟ್ ದಾಟಿದರೆ ಬೇರೆ ಏನನ್ನೂ ನೋಡುವ ಮೊದಲು ಅದನ್ನೇ ನೋಡಿ. ಮಲ್ಟಿಮೀಟರಿನಲ್ಲಿ ಇದೇ ಕೆಲಸಕ್ಕೆ ಬ್ಯಾಟರಿಯಿಂದ ಮುಂದಿನ ಬಂಪರಿನವರೆಗೆ ಉದ್ದನೆಯ ವೈರು ಎಳೆಯಬೇಕು, ಹಾಗಾಗಿಯೇ ಯಾರೂ ಮಾಡುವುದಿಲ್ಲ. ಹತ್ತಿರದ ಯಾವುದೋ ಬೋಲ್ಟಿಗೆ ಕಪ್ಪು ಮೊನೆ ಒತ್ತಿ ಓದುತ್ತಾರೆ. ಆ ಬೋಲ್ಟೇ ಕೆಟ್ಟಿದ್ದರೆ?

ಈ ಗುಣ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಸ್ಟಾರ್ಟರ್ ಮಂಕಾಗಿ ತಿರುಗುವಾಗ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಬಾಡಿಗೂ ಎಂಜಿನ್-ಗೇರ್‌ಬಾಕ್ಸಿಗೂ ನಡುವೆ ಒಂದು ಹೆಣೆದ ಪಟ್ಟಿ ಇರುತ್ತದೆ. ಗೇರ್‌ಬಾಕ್ಸ್ ಇಳಿಸಿ ಏರಿಸಿದಾಗ ಅದನ್ನು ವಾಪಸ್ ಹಾಕಲು ಮರೆಯುವುದು ಸರ್ವೇಸಾಮಾನ್ಯ. ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ನೂರಾರು ಆಂಪ್ ಚೋಕ್ ಕೇಬಲ್ ಮತ್ತು ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗ ಚೋಕ್ ಕೇಬಲ್ ಬಿಸಿಯಾಗುತ್ತಿದ್ದರೆ ಕಾಯಿಲೆಯ ಹೆಸರು ಗೊತ್ತಾದಂತೆ. ಪರೀಕ್ಷೆ ಹೀಗೆ: ಗಾಡಿ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿನ ಬಿಳಿ ವೈರು ತೆಗೆದಿಡಿ, ಇನ್ನೊಬ್ಬರು ಕೀ ತಿರುಗಿಸಲಿ. ಪ್ರೋಬಿನ ಮೊನೆಯನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ ಓದಿ, ಆಮೇಲೆ ಬಾಡಿಯ ಬರಿ ಲೋಹಕ್ಕೆ. ಬ್ಲಾಕಿನಲ್ಲಿ 2 ವೋಲ್ಟ್, ಬಾಡಿಯಲ್ಲಿ 0.1 ಬಂದರೆ ಎಂಜಿನ್ ಪಟ್ಟಿಯ ದೋಷ. ಎರಡರಲ್ಲೂ 2 ಬಂದರೆ ಬ್ಯಾಟರಿಯಿಂದ ಬಾಡಿಗೆ ಹೋಗುವ ಕೇಬಲ್ಲಿನದು. ಎರಡರಲ್ಲೂ 0.3ಕ್ಕಿಂತ ಕಡಿಮೆ ಇದ್ದರೆ ಅರ್ಥ್ ಸರಿಯಿದೆ. ಆಗ ಪಾಸಿಟಿವ್ ಕಡೆ ಹೋಗಿ: ಸ್ಟಾರ್ಟರ್ ಸೊಲೆನಾಯ್ಡಿನ (ಕರೆಂಟ್ ಬಂದಾಗ ಸೆಳೆಯುವ ವಿದ್ಯುತ್ಕಾಂತ) ದಪ್ಪ ಬೋಲ್ಟಿನಲ್ಲಿ ಎಷ್ಟು, ಅದೇ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ ಎಷ್ಟು. ವ್ಯತ್ಯಾಸ ಅರ್ಧ ವೋಲ್ಟಿನೊಳಗೆ ಇರಬೇಕು. ಎರಡು ಬ್ಯಾಟರಿಯ ಗಾಡಿಯಲ್ಲಿ ನಡುವಿನ ಕೊಂಡಿ ಕೇಬಲ್ಲನ್ನು ಮರೆಯಬೇಡಿ, ಅದರ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿಕೊಳ್ಳುವಷ್ಟು ಬೇರೆಲ್ಲೂ ಕಟ್ಟುವುದಿಲ್ಲ. ಈ ಅಂಕಿಗಳನ್ನು ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ಸ್ಟಾರ್ಟರ್ ಇಳಿಸಲು ಅರ್ಧ ದಿನ ಬೇಕು.

ಮಂಕು ಹೆಡ್‌ಲೈಟ್ ಇನ್ನೊಂದು ಹಳೇ ದೂರು. ಮೂಲ ವೈರಿಂಗಿನಲ್ಲಿ ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಇಲ್ಲ, ಫ್ಯೂಸೂ ಇಲ್ಲ. ಕಂದು ವೈರಿನಿಂದ ಲೈಟ್ ಸ್ವಿಚ್ಚು, ಅಲ್ಲಿಂದ ನೀಲಿ ವೈರಿನಲ್ಲಿ ಡಿಪ್ ಸ್ವಿಚ್ಚು, ಅಲ್ಲಿಂದ ನೀಲಿ ಮೈಗೆ ಕೆಂಪು ಗೆರೆಯ ವೈರಿನಲ್ಲಿ ಡಿಪ್, ಬಿಳಿ ಗೆರೆಯ ವೈರಿನಲ್ಲಿ ಬ್ರೈಟ್. ಎಚ್4 ಬಲ್ಬು ಹಾಕಿದ್ದರೆ ಡಿಪ್ಪಿಗೆ 55 ವಾಟಿನ ಎರಡು, ಅಂದರೆ ಸುಮಾರು 9 ಆಂಪ್, ಬ್ರೈಟಿಗೆ 10 ಆಂಪ್. ಅಷ್ಟೂ ಕರೆಂಟು ಐವತ್ತು ವರ್ಷದ ಸ್ವಿಚ್ಚಿನ ಸಣ್ಣ ಕಾಂಟ್ಯಾಕ್ಟುಗಳ ಮೂಲಕವೇ ಹೋಗಬೇಕು. ಎಂಜಿನ್ ಆರಿಸಿ, ದೀಪ ಹಾಕಿ, ಪ್ರೋಬು ಹಿಡಿದು ಒಂದೊಂದೇ ನಿಲ್ದಾಣದಲ್ಲಿ ಇಳಿಯುತ್ತ ಹೋಗಿ: ಬ್ಯಾಟರಿ, ಸ್ವಿಚ್ಚಿನ ಕಂದು, ಸ್ವಿಚ್ಚಿನ ನೀಲಿ, ಡಿಪ್ ಸ್ವಿಚ್ಚಿನಾಚೆಯ ನೀಲಿ-ಕೆಂಪು, ಗ್ರಿಲ್ಲಿನ ಹಿಂದಿನ ಬುಲೆಟ್ ಕನೆಕ್ಟರಿನ ಎರಡೂ ಬದಿ, ಬಲ್ಬಿನ ಪಿನ್ನು, ಕೊನೆಗೆ ಬಲ್ಬಿನ ಕಪ್ಪು ವೈರು. ಎಲ್ಲಿ ಅಂಕಿ ಧಡಕ್ಕೆಂದು ಇಳಿಯುತ್ತದೋ ಅಲ್ಲೇ ಕಳ್ಳ. ಎಲ್ಲ ಕಡೆ ಸ್ವಲ್ಪಸ್ವಲ್ಪವೇ ಸೋರಿ ಒಟ್ಟು ಒಂದೂವರೆ ವೋಲ್ಟ್ ಹೋಗಿದ್ದರೆ ಕಳ್ಳ ಒಬ್ಬನಲ್ಲ, ರಿಲೇ ಹಾಕುವುದೇ ದಾರಿ. ಡಿಪ್ಪಿಗೊಂದು, ಬ್ರೈಟಿಗೊಂದು ರಿಲೇ. ಹಳೆಯ ನೀಲಿ-ಕೆಂಪು, ನೀಲಿ-ಬಿಳಿ ವೈರುಗಳು ರಿಲೇಯ 86 ಎಂದು ಬರೆದ ಪಿನ್ನಿಗೆ, 85ರ ಪಿನ್ನು ಅರ್ಥ್‌ಗೆ, 30ಕ್ಕೆ ಫ್ಯೂಸ್ ಮೂಲಕ 3 ಚದರ ಮಿಲಿಮೀಟರಿನ ಹೊಸ ವೈರು, 87ರಿಂದ ದೀಪಗಳಿಗೆ 2 ಚದರ ಮಿಲಿಮೀಟರಿನದು. ಒಂದೊಂದು ರಿಲೇಗೂ 15 ಆಂಪಿನ ಬ್ಲೇಡ್ ಫ್ಯೂಸ್ ಸಾಕು. ದೀಪದ ಅರ್ಥ್ ವೈರನ್ನೂ ಅಷ್ಟೇ ದಪ್ಪದ್ದಾಗಿ ಹೊಸದು ಹಾಕದಿದ್ದರೆ ಅರ್ಧ ಕೆಲಸ ಮಾಡಿದಂತೆ.

ಫ್ಯೂಸಿನ ಮಾತು ಬಂತು, ಒಂದು ಅಡ್ಡಮಾತು ಹೇಳಲೇಬೇಕು. ಲೂಕಸ್ ಗಾಜಿನ ಫ್ಯೂಸಿನ ಮೇಲೆ 35 ಅಂತ ಬರೆದಿದ್ದರೆ ಅದು ಸುಟ್ಟುಹೋಗುವ ಅಳತೆ. ಸದಾ ಹೊರಬಲ್ಲದ್ದು 17 ಆಂಪ್ ಮಾತ್ರ. ಹೊಸ ಶೈಲಿಯ ಫ್ಯೂಸುಗಳ ಮೇಲೆ ಬರೆಯುವುದು ಸದಾ ಹೊರುವ ಅಳತೆ. ಮ್ಯಾನ್ಯುಯಲ್ಲಿನಲ್ಲಿ 35 ಇದೆ ಅಂತ ಹೊಸ ಶೈಲಿಯ 35 ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ಗಾಜಿನದ್ದೇ ಹೊಸದು ಕೊಳ್ಳುವುದಾದರೆ ಅಂಕಿಯ ಪಕ್ಕದಲ್ಲಿ ಯಾವ ಅಳತೆ ಅಂತ ಕೇಳಿಯೇ ಕೊಳ್ಳಿ.

ಬ್ರೇಕ್ ದೀಪ, ಇಂಡಿಕೇಟರ್, ವೈಪರ್, ಹೀಟರ್ ಫ್ಯಾನು, ಪೆಟ್ರೋಲ್ ಗೇಜು ಎಲ್ಲ ಒಟ್ಟಿಗೆ ಸತ್ತರೆ ಹಸಿರು ವೈರಿನ ಫ್ಯೂಸನ್ನು ನೋಡಿ. ಇಗ್ನಿಷನ್ ಹಾಕಿದಾಗ ಫ್ಯೂಸ್ ಮೂಲಕ ಹೋಗುವುದೆಲ್ಲ ಹಸಿರು. ಫ್ಯೂಸಿಲ್ಲದೆ ಹೋಗುವುದು ಬಿಳಿ, ಕಾಯಿಲ್ ಮತ್ತು ಫ್ಯುಯೆಲ್ ಪಂಪಿಗೆ. ಕೀ ಇಲ್ಲದೆಯೂ ಫ್ಯೂಸಿನ ಮೂಲಕ ಜೀವಂತವಾಗಿರುವುದು ನೇರಳೆ, ಹಾರ್ನು ಇದರಲ್ಲೇ. ಫ್ಯೂಸೇ ಇಲ್ಲದೆ ಸದಾ ಜೀವಂತವಾಗಿರುವುದು ಕಂದು. ಕಂದು ವೈರು ಬಾಡಿಗೆ ತಗುಲಿದರೆ ತಡೆಯುವವರು ಯಾರೂ ಇಲ್ಲ, ವೈರಿಂಗ್ ಕಟ್ಟೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಡ್ಯಾಶ್ ಕೆಳಗೆ ಕೈ ಹಾಕುವ ಮೊದಲು ಬ್ಯಾಟರಿ ಬಿಚ್ಚುವುದು ಇಲ್ಲಿ ಬರೀ ಉಪಚಾರದ ಮಾತಲ್ಲ. ಫ್ಯೂಸು ನೋಡಲು ಚೆನ್ನಾಗಿದ್ದರೂ ಅದನ್ನು ಹಿಡಿದ ಕ್ಲಿಪ್ಪು ಕಿಲುಬು ಹಿಡಿದಿರಬಹುದು. ವೈಪರ್ ಓಡುತ್ತಿರುವಾಗ ಬಿಳಿ ಬದಿಯಲ್ಲೊಮ್ಮೆ, ಹಸಿರು ಬದಿಯಲ್ಲೊಮ್ಮೆ ಓದಿ. 0.2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕ್ಲಿಪ್ಪನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ, ಇಕ್ಕಳದಿಂದ ತುಸು ಒಳಕ್ಕೆ ಬಾಗಿಸಿ. ಇಂಡಿಕೇಟರ್ ಮಾತ್ರ ಸತ್ತು ಉಳಿದದ್ದೆಲ್ಲ ಇದ್ದರೆ ಹಜಾರ್ಡ್ ಸ್ವಿಚ್ಚನ್ನು ಶಂಕಿಸಿ. ಅದಿರುವ ಗಾಡಿಗಳಲ್ಲಿ ಇಂಡಿಕೇಟರಿನ ಕರೆಂಟು ಅದರೊಳಗಿನಿಂದಲೇ ಹಾದುಹೋಗುತ್ತದೆ, ವರ್ಷಗಟ್ಟಲೆ ಮುಟ್ಟದ ಸ್ವಿಚ್ಚು ಒಳಗೇ ಕಪ್ಪಾಗಿರುತ್ತದೆ. ಇಪ್ಪತ್ತು ಸಲ ಆನ್-ಆಫ್ ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಈಗ ತೂಗುವ ಸ್ವಿಚ್ಚಿನ ಕತೆ. ಪ್ರೋಬಿನ ಹೆಸರಿನಲ್ಲಿರುವ 'ಪವರ್' ಇದೇ. ಸರಿಯಾದ ಜಾಗದಲ್ಲಿ ಒತ್ತಿದರೆ ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಎಸ್‌ಯು ಕಂಪನಿಯ ಫ್ಯುಯೆಲ್ ಪಂಪು ಟಿಕ್‌ಟಿಕ್ ಎನ್ನುತ್ತಿಲ್ಲವೇ? ಪಂಪಿನ ಬಿಳಿ ವೈರನ್ನು ಬಿಚ್ಚಿ, ಪಂಪಿನ ತುದಿಗೆ ಮೊನೆ ಇಟ್ಟು ಮುಂದಕ್ಕೆ ಒತ್ತಿ. ಟಿಕ್‌ಟಿಕ್ ಬಂದರೆ ಪಂಪೂ ಅದರ ಅರ್ಥೂ ಸರಿ, ಬಿಳಿ ವೈರಿನ ದಾರಿ ಕೆಟ್ಟಿದೆ. ಬರದಿದ್ದರೆ ಪಂಪಿನ ಮೈಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಆಗ ಓಡಿದರೆ ಒಳಗಿನ ಪಾಯಿಂಟುಗಳು, ಅಂದರೆ ತೆರೆದು ಮುಚ್ಚುವ ಕಾಂಟ್ಯಾಕ್ಟುಗಳು, ಸುಟ್ಟಿವೆ. ಪೆಟ್ರೋಲ್ ಸೋರಿಕೆಯ ವಾಸನೆ ಇದ್ದರೆ ಈ ಪ್ರಯೋಗ ಬೇಡ, ಮೊನೆಯಲ್ಲಿ ಕಿಡಿ ಬರುತ್ತದೆ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಹಿಡಿಯುತ್ತಿಲ್ಲವೇ? ಗೇರ್‌ಬಾಕ್ಸಿಗೆ ಹೋಗುವ ಹಳದಿ ವೈರಿನ ಕನೆಕ್ಟರ್ ಬಿಚ್ಚಿ ಸೊಲೆನಾಯ್ಡಿನ ಬದಿಗೆ ಪಾಸಿಟಿವ್ ಕೊಟ್ಟು ಕಿವಿಗೊಡಿ. 'ಕ್ಲಿಕ್' ಕೇಳಿದರೆ ಸೊಲೆನಾಯ್ಡು ಬದುಕಿದೆ, ಸ್ವಿಚ್ಚುಗಳ ಕಡೆ ಹೋಗಿ.

ಹಿಂದಕ್ಕೆ ಒತ್ತುವ ಉಪಯೋಗ ಇನ್ನೂ ಸೊಗಸಾದದ್ದು. ಚಾರ್ಜಿಂಗ್ ದೀಪ ಹತ್ತುತ್ತಿಲ್ಲ, ಚಾರ್ಜೂ ಆಗುತ್ತಿಲ್ಲ ಅಂದುಕೊಳ್ಳಿ. ಎಂಜಿನ್ ಆರಿಸಿ, ಲೂಕಸ್ಸಿನ ಎಸಿಆರ್ ಮಾದರಿಯ ಆಲ್ಟರ್ನೇಟರಿನ ಪ್ಲಗ್ಗು ಎಳೆದು, ಇಗ್ನಿಷನ್ ಹಾಕಿ. ದಪ್ಪ ಕಂದು ವೈರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜು ಬರಬೇಕು. ಅದನ್ನು ಓದಿ ಬಿಟ್ಟುಬಿಡಿ, ಅಲ್ಲಿ ಸ್ವಿಚ್ಚು ಒತ್ತಬೇಡಿ. ಆಮೇಲೆ ಕಂದು ಮೈಗೆ ಹಳದಿ ಗೆರೆಯ ಸಣ್ಣ ವೈರಿಗೆ ಮೊನೆ ಇಟ್ಟು ಹಿಂದಕ್ಕೆ ಒತ್ತಿ. ಡ್ಯಾಶಿನಲ್ಲಿ ದೀಪ ಹತ್ತಿದರೆ ಬಲ್ಬೂ ವೈರೂ ಸರಿ, ದೋಷ ಆಲ್ಟರ್ನೇಟರಿನೊಳಗೆ, ಹೆಚ್ಚಾಗಿ ಸವೆದ ಬ್ರಷ್. ಹತ್ತದಿದ್ದರೆ ಆಲ್ಟರ್ನೇಟರಿನ ತಪ್ಪೇನಿಲ್ಲ. ಆ ಸಣ್ಣ ಬಲ್ಬಿನ ಮೂಲಕ ಬರುವ ಕರೆಂಟೇ ಅದಕ್ಕೆ ಮೊದಲ ಚಾಲನೆ, ಬಲ್ಬು ಸುಟ್ಟರೆ ಚಾರ್ಜಿಂಗೂ ಶುರುವಾಗುವುದಿಲ್ಲ. ಪ್ಲಗ್ಗು ವಾಪಸ್ ಹಾಕಿ ಎಂಜಿನ್ ಓಡಿಸಿದಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಕಾಣಬೇಕು.

ಒತ್ತಬಾರದ ಜಾಗಗಳೂ ಇವೆ, ಪೆಟ್ಟಿಗೆಯೊಳಗಿನ ಚೀಟಿಗಿಂತ ಇದು ಮುಖ್ಯ. ಪೆಟ್ರೋಲ್ ಟ್ಯಾಂಕಿನ ಮಟ್ಟ ಅಳೆಯುವ ಸೆಂಡರಿಗೆ ಹೋಗುವ ಹಸಿರು-ಕಪ್ಪು ವೈರಿಗೆ ಎಂದೂ ಪಾಸಿಟಿವ್ ಕೊಡಬೇಡಿ. ಗೇಜನ್ನು ದಾಟದೆ ಪೂರ್ತಿ 12 ವೋಲ್ಟು ಟ್ಯಾಂಕಿನೊಳಗಿನ ತೆಳು ತಂತಿಗೆ ಬೀಳುತ್ತದೆ. ತಂತಿ ಸುತ್ತ ಇರುವುದು ಪೆಟ್ರೋಲ್ ಆವಿ. ಸ್ಟೆಬಿಲೈಸರ್ (ಗೇಜುಗಳ ವೋಲ್ಟೇಜನ್ನು ಸಮನಾಗಿಡುವ ಡಬ್ಬಿ) ಇರುವ ಗಾಡಿಗಳಲ್ಲಿ ಗೇಜುಗಳಿಗೆ ಹೋಗುವ ತಿಳಿ ಹಸಿರು ಮೈಯ ವೈರಿಗೂ ಬೇಡ. ಆ ಗೇಜುಗಳು ಸರಾಸರಿ 10 ವೋಲ್ಟಿಗೆ ಮಾಡಿದವು. ಅಲ್ಲಿ ಅಂಕಿ 12ಕ್ಕೂ ಸೊನ್ನೆಗೂ ನಡುವೆ ಕುಣಿಯುತ್ತಿದ್ದರೆ ಗಾಬರಿ ಬೇಡ, ಹಳೇ ಸ್ಟೆಬಿಲೈಸರಿನ ಕೆಲಸವೇ ಕಡಿದು ಕೂಡಿಸುವುದು. ಕುಣಿಯದೆ 12ರಲ್ಲೇ ನಿಂತು ಗೇಜುಗಳು ಹೆಚ್ಚು ತೋರಿಸುತ್ತಿದ್ದರೆ ಮೊದಲು ಸ್ಟೆಬಿಲೈಸರ್ ಬಿಗಿದ ಸ್ಕ್ರೂ ಬಿಚ್ಚಿ ಅದರ ಅರ್ಥ್ ಉಜ್ಜಿ. ಇನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಬಿಳಿ-ಕಪ್ಪು ವೈರು. ಪಾಯಿಂಟುಗಳಿರುವ ಗಾಡಿಯಲ್ಲಿ ಇಲ್ಲಿ ಮೊನೆಯನ್ನು ಸುಮ್ಮನೆ ಮುಟ್ಟಿಸಿ ಎಂಜಿನ್ ತಿರುಗಿಸಿದರೆ ಕೆಂಪು ಹಸಿರು ಅದಲುಬದಲಾಗಿ ಮಿನುಗುತ್ತದೆ, ಪಾಯಿಂಟು ತೆರೆದು ಮುಚ್ಚುತ್ತಿದೆ ಎಂದರ್ಥ. ಕೆಂಪಿನಲ್ಲೇ ನಿಂತರೆ ಪಾಯಿಂಟು ಮುಚ್ಚುತ್ತಿಲ್ಲ, ಹಸಿರಿನಲ್ಲೇ ನಿಂತರೆ ತೆರೆಯುತ್ತಿಲ್ಲ ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ. ಪಾಯಿಂಟು ತೆರೆದಾಗಿನ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕು. ದೀಪಕ್ಕೆ ನಿಜವಾಗಿ ಮರ್ಯಾದೆ ಸಿಗುವ ಪರೀಕ್ಷೆ ಇದೊಂದೇ. ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದ್ದರೆ ಮಾತ್ರ ಆ ವೈರಿನ ಮೇಲೆ ಸ್ವಿಚ್ಚನ್ನು ಯಾವ ಕಡೆಗೂ ಒತ್ತಬೇಡಿ. ಪಾಸಿಟಿವ್ ಒತ್ತಿದರೆ ಮಾಡ್ಯೂಲಿನ ಟ್ರಾನ್ಸಿಸ್ಟರು ಕ್ಷಣದಲ್ಲಿ ಹೋಗುತ್ತದೆ, ಬ್ರೇಕರ್ ಕಡಿಯುವಷ್ಟರಲ್ಲಿ ತಡವಾಗಿರುತ್ತದೆ.

1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಕೂಡಿಸಿದ್ದು ಪಾಸಿಟಿವ್. ಅಂಥ ಗಾಡಿಯಲ್ಲಿ ಪ್ರೋಬಿನ ಭಾಷೆ ಪೂರ್ತಿ ಉಲ್ಟಾ. ಕ್ಲಿಪ್ಪುಗಳನ್ನು ಹಾಗೇ ಕೆಂಪು ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ ಹಾಕಿ. ಆದರೆ ಬಾಡಿ ಮುಟ್ಟಿದರೆ ಕೆಂಪು ದೀಪ ಬರಬೇಕು, ಜೀವಂತ ವೈರು ಮುಟ್ಟಿದರೆ ಹಸಿರು. ಪಂಪಿಗೋ ದೀಪಕ್ಕೋ ಕರೆಂಟ್ ಕೊಡಲು ಸ್ವಿಚ್ಚನ್ನು ಹಿಂದಕ್ಕೆ ಒತ್ತಬೇಕು. ಅರ್ಥ್ ನಷ್ಟ ಓದುವಾಗ ಬಾಡಿಯಲ್ಲಿ ಸೊನ್ನೆಯ ಬದಲು ಬ್ಯಾಟರಿಯ ಪೂರ್ತಿ ಅಂಕಿ ಬರುತ್ತದೆ, ಎಷ್ಟು ಕಡಿಮೆಯಾಯಿತೋ ಅದೇ ನಷ್ಟ. ಹಳೇ ಗಾಡಿಗಳನ್ನು ಎಷ್ಟೋ ಮಂದಿ ನೆಗೆಟಿವ್ ಅರ್ಥ್‌ಗೆ ಬದಲಾಯಿಸಿರುತ್ತಾರೆ, ಆದ್ದರಿಂದ ವರ್ಷ ನೋಡಿ ನಿರ್ಧರಿಸಬೇಡಿ, ಬ್ಯಾಟರಿಯಿಂದ ಬಾಡಿಗೆ ಬಿಗಿದ ಕೇಬಲ್ ಯಾವ ತುದಿಯದು ಎಂದು ಕಣ್ಣಾರೆ ನೋಡಿ.

ಪ್ರೋಬು ಕೈಚೆಲ್ಲುವ ಎರಡು ಕೆಲಸಗಳಿವೆ. ಫ್ಯೂಸು ಹಾಕಿದ ತಕ್ಷಣ ಸುಡುವ ಶಾರ್ಟು ಒಂದು. ಪ್ರೋಬಿನಿಂದ ಕರೆಂಟ್ ಕೊಟ್ಟರೆ ಬ್ರೇಕರ್ ಕಡಿಯುತ್ತದೆ, ಅಷ್ಟೇ, ಹೊಸ ಮಾಹಿತಿ ಏನೂ ಇಲ್ಲ. ಅದಕ್ಕೆ 21 ವಾಟಿನ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿ ಫ್ಯೂಸಿನ ಜಾಗದಲ್ಲಿ ಕೂರಿಸಿ. ಶಾರ್ಟ್ ಇರುವಷ್ಟು ಹೊತ್ತು ಬಲ್ಬು ಪೂರ್ತಿ ಉರಿಯುತ್ತದೆ, ಹರಿಯುವುದು 2 ಆಂಪಿಗೂ ಕಡಿಮೆ, ಏನೂ ಸುಡುವುದಿಲ್ಲ. ಒಂದೊಂದೇ ಕವಲನ್ನು ಬಿಚ್ಚುತ್ತ ಹೋಗಿ, ಯಾವುದನ್ನು ಬಿಚ್ಚಿದಾಗ ಬಲ್ಬು ಆರಿತೋ ಶಾರ್ಟು ಅದರಲ್ಲಿ. ಇನ್ನೊಂದು, ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಇಳಿದುಹೋಗುವುದು. ಅದಕ್ಕೆ ಮಲ್ಟಿಮೀಟರನ್ನು ಆಂಪ್‌ಗೆ ತಿರುಗಿಸಿ ಅರ್ಥ್ ಕೇಬಲ್ಲಿನ ಜೊತೆ ಸರಣಿಯಲ್ಲಿ ಇಡಬೇಕು. ಗಡಿಯಾರ, ರೇಡಿಯೋ ಇಲ್ಲದ ಎಂಜಿಬಿಯಲ್ಲಿ ಕೆಲವೇ ಮಿಲಿಆಂಪ್ ಬರಬೇಕು. ಹೆಚ್ಚಿದ್ದರೆ ಮೊದಲು ಆಲ್ಟರ್ನೇಟರ್ ಪ್ಲಗ್ಗು ಎಳೆದು ನೋಡಿ, ಒಳಗಿನ ಡಯೋಡು ಸೋರುತ್ತಿರಬಹುದು. ಮೀಟರ್ ಸರಣಿಯಲ್ಲಿರುವಾಗ ಮರೆತು ಕೀ ತಿರುಗಿಸಿದರೆ ಅದರ ಫ್ಯೂಸು ಹೋಗುತ್ತದೆ.

ಇಷ್ಟು ಹುಡುಕಿದ ಮೇಲೆ ಸಿಗುವ ಅಪರಾಧಿ ಹೆಚ್ಚಾಗಿ 4.7 ಮಿಲಿಮೀಟರಿನ ಬುಲೆಟ್ ಕನೆಕ್ಟರ್. ಬುಲೆಟ್ಟು ಕೂರುವ ಹಳೇ ತೋಳನ್ನು (ಸ್ಲೀವ್) ಉಜ್ಜುವುದರಲ್ಲಿ ಅರ್ಥವಿಲ್ಲ, ಒಳಗಿನ ಲೋಹದ ಬಿಗಿ ಹೋಗಿರುತ್ತದೆ. ತೋಳನ್ನು ಹೊಸದು ಹಾಕಿ, ಬುಲೆಟ್ಟನ್ನು ಹೊಳೆಯುವವರೆಗೆ ಉಜ್ಜಿ, ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಒತ್ತಿ. ವೈರಿನ ತುದಿ ಕಪ್ಪಾಗಿದ್ದರೆ ಬೆಸುಗೆ ಅಂಟುವುದಿಲ್ಲ, ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿ.

ಕೊಳ್ಳುವ ಕ್ರಮ ಹೇಳುವುದಾದರೆ ಮೊದಲು ವೈರು ಬೆಸೆದ 21 ವಾಟಿನ ಬಲ್ಬು, ಎರಡನೆಯದು 10 ಆಂಪ್ ಅಳೆಯುವ ಸಾಧಾರಣ ಮಲ್ಟಿಮೀಟರ್, ಮೂರನೆಯದು ಪವರ್ ಪ್ರೋಬ್. ಮೊದಲೆರಡು ಇಲ್ಲದೆ ಇದೊಂದನ್ನೇ ಕೊಂಡರೆ ದುಡ್ಡು ದಂಡ. ಇದರ ಮುಂದಿನ ಮಾದರಿಗಳಲ್ಲಿರುವ ಫ್ಯುಯೆಲ್ ಇಂಜೆಕ್ಟರ್ ಪರೀಕ್ಷೆಯಂಥ ಸೌಲಭ್ಯಗಳಿಗೆ ಎಸ್‌ಯು ಕಾರ್ಬ್ಯುರೇಟರಿನ ಗಾಡಿಯಲ್ಲಿ ಕೆಲಸವೇ ಇಲ್ಲ, ಮೂರನೆಯದೇ ಸಾಕು. ಇದರ ಹೊಳಪಿನ ಎಲ್‌ಇಡಿ ಮೊನೆಯ ಮುಂದೆ ಬೆಳಕು ಚೆಲ್ಲುತ್ತದೆ. ಎಂಜಿಬಿಯ ಡ್ಯಾಶ್ ಕೆಳಗೆ ಅಂಗಾತ ಮಲಗಿ, ತಲೆ ಪೆಡಲ್‌ಗಳ ನಡುವೆ ಸಿಕ್ಕಿಸಿಕೊಂಡು ಹಸಿರಾವುದು ತಿಳಿ ಹಸಿರಾವುದು ಎಂದು ಕಣ್ಣು ಕಿರಿದುಮಾಡುವವರಿಗೆ ಅದು ಸಣ್ಣ ಉಪಕಾರವಲ್ಲ.